ಎಂಜಿನ್ ಮುಳ್ಳು ನಡುವೆಯೇ ಇದ್ದರೂ ಕಾರು ಸುಸ್ತಾದರೆ: ಸೂಪರ್‌ಚಾರ್ಜರ್ ಇಂಟರ್‌ಕೂಲರಿನ ತೊಂದರೆ ಹುಡುಕುವ ಬಗೆ

ಅಮೆರಿಕದ ಅರಿಜೋನಾದಲ್ಲಿ ಫೀನಿಕ್ಸ್‌ನಿಂದ ಫ್ಲ್ಯಾಗ್‌ಸ್ಟಾಫ್‌ಗೆ ಹೋಗುವ ಐ-17 ಹೆದ್ದಾರಿ ಸುಮಾರು 330 ಮೀಟರ್ ಎತ್ತರದ ಮರುಭೂಮಿಯಿಂದ 2,100 ಮೀಟರ್ ಎತ್ತರದ ಪೈನ್ ಕಾಡಿಗೆ ಏರುತ್ತದೆ. 2023ರ ಜುಲೈಯಲ್ಲಿ ಆ ಏರಿನ ಮಧ್ಯೆ ನನ್ನ ಕಾರಿನ ದಮ್ಮು ಅಡಗಿತು. ಆ ಬೇಸಿಗೆಯಲ್ಲಿ ಫೀನಿಕ್ಸಿನಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಎಂಜಿನ್ ಉಷ್ಣತೆಯ ಮುಳ್ಳು ಎಂದಿನಂತೆ ನಡುವೆಯೇ ಇತ್ತು, ಎಚ್ಚರಿಕೆಯ ಯಾವ ದೀಪವೂ ಹೊತ್ತಿರಲಿಲ್ಲ. ಆದರೂ ಆಕ್ಸಿಲರೇಟರ್ ಒತ್ತಿದರೆ, ಹೊಟ್ಟೆ ತುಂಬ ಮುದ್ದೆ ಉಂಡವನನ್ನು ಗದ್ದೆಗೆ ಎಬ್ಬಿಸಿದ ಹಾಗೆ ಕಾರು ಎದ್ದೂ ಏಳದಂತೆ ಹೊರಡುತ್ತಿತ್ತು.

ಕಾರು 2003ರ ಫೋರ್ಡ್ ಮಸ್ಟಾಂಗ್ ಕೋಬ್ರಾ. 4.6 ಲೀಟರಿನ ವಿ8, ಎರಕದ ಕಬ್ಬಿಣದ ಬ್ಲಾಕ್, ತಲೆಯ ಮೇಲೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಈಟನ್ ಎಂ112 ಸೂಪರ್‌ಚಾರ್ಜರ್, ಆ ಗಾಳಿಯನ್ನು ತಣಿಸಲು ಇಂಟರ್‌ಕೂಲರ್. ಕಂಪನಿಯ ಲೆಕ್ಕದಲ್ಲಿ 390 ಅಶ್ವಶಕ್ತಿ. ಎರಡು ಕೈ ದಾಟಿ ನನ್ನ ಕೈಗೆ ಬಂದದ್ದು. ಮುಂದಿನ ಚಕ್ರದ ಮೇಲಿನ ತಗಡಿನಲ್ಲಿ ಸುರುಳಿ ಸುತ್ತಿ ಹೆಡೆ ಎತ್ತಿದ ನಾಗರಹಾವಿನ ಲಾಂಛನವಿದೆ. ತಿಪಟೂರಿನಿಂದ ವಿಡಿಯೋ ಕರೆಯಲ್ಲಿ ಅದನ್ನು ನೋಡಿದ ಅಮ್ಮ, "ನಾಗರಪಂಚಮಿ ಮುಗಿಯುವವರೆಗೆ ಅದಕ್ಕೆ ಸ್ಪ್ಯಾನರ್ ಮುಟ್ಟಿಸಬೇಡ" ಎಂದು ತಾಕೀತು ಮಾಡಿದ್ದಳು. ನಾನು ಕಾಯಲಿಲ್ಲ. ಹಾಲಿನ ಬದಲು ಕೂಲಂಟ್ ಎರೆದೆ.

ಅದಕ್ಕೂ ಮೊದಲು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಒಂದು ವರ್ಕ್‌ಶಾಪಿಗೆ ಕಾರು ಕೊಟ್ಟೆ. ಅಲ್ಲಿ ಏನನ್ನೂ ಅಳೆಯದೆ, "ಇಲ್ಲಿನ ಬಿಸಿಲಿಗೆ ನಿಮ್ಮ ಇಂಟರ್‌ಕೂಲರ್ ರೇಡಿಯೇಟರ್ ಚಿಕ್ಕದಾಯಿತು" ಎಂದು ದೊಡ್ಡದೊಂದನ್ನು ಜೋಡಿಸಿ ಕೈತುಂಬ ಬಿಲ್ ಕೊಟ್ಟರು. ಮರುವಾರ ಅದೇ ಏರಿನಲ್ಲಿ ಕಾರು ಮೊದಲಿಗಿಂತ ಬೇಗ ಸುಸ್ತಾಯಿತು. ಆಮೇಲೆ ಎರಡು ಶನಿವಾರ ಗ್ಯಾರೇಜಿನಲ್ಲಿ ಕೂತು ನಾನೇ ಹುಡುಕಿದ್ದನ್ನು, ಹುಡುಕಬೇಕಾದ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಉದಾಹರಣೆ ಕೋಬ್ರಾದ್ದು. ಆದರೆ ನೀರಿನಿಂದ ತಣಿಯುವ ಇಂಟರ್‌ಕೂಲರ್ ಇರುವ ಯಾವ ಸೂಪರ್‌ಚಾರ್ಜರ್ ಕಾರಿಗೂ ಹುಡುಕುವ ದಾರಿ ಹೆಚ್ಚುಕಡಿಮೆ ಇದೇ.

ಒಳಗೆ ನಡೆಯುವುದೇನು

ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸೈಕಲ್ ಪಂಪು ಹೊಡೆದ ಮೇಲೆ ಅದರ ಬುಡ ಮುಟ್ಟಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಕಾರಿನ ಸೂಪರ್‌ಚಾರ್ಜರ್ ಸುಮಾರು 8 ಪಿಎಸ್‌ಐ ಒತ್ತಡ ಕೊಡುತ್ತದೆ. ಹೊರಗೆ 40 ಡಿಗ್ರಿ ಇರುವ ಗಾಳಿ ಅಷ್ಟು ಒತ್ತಡಕ್ಕೆ ಸಿಕ್ಕಿ ಹೊರಬರುವಾಗ, ಹಳೆಯ ಮಾದರಿಯ ಈ ಬ್ಲೋವರಿನ (ಸೂಪರ್‌ಚಾರ್ಜರಿನ ಇನ್ನೊಂದು ಹೆಸರು) ದಕ್ಷತೆಯ ಲೆಕ್ಕ ಹಿಡಿದರೆ 110 ಡಿಗ್ರಿಯ ಆಸುಪಾಸು ಇರುತ್ತದೆ. ಆ ಗಾಳಿಯನ್ನು ಹಾಗೆಯೇ ಎಂಜಿನ್ನಿಗೆ ಬಿಟ್ಟರೆ ಪೆಟ್ರೋಲ್ ಹೊತ್ತಿನ ಮುಂಚೆ ಸಿಡಿದು ಪಿಸ್ಟನ್ ಹಾಳಾಗುವ ಅಪಾಯವಿದೆ. ಅದಕ್ಕೇ ಬ್ಲೋವರಿನ ಕೆಳಗೆ ಇಂಟರ್‌ಕೂಲರ್ ಇಟ್ಟಿದ್ದಾರೆ. ಅದರ ಕೊಳವೆಗಳಲ್ಲಿ ಕೂಲಂಟ್ ಹರಿದು ಗಾಳಿಯ ಬಿಸಿಯನ್ನು ಹೀರುತ್ತದೆ, ಕಾರಿನ ಮೂತಿಯಲ್ಲಿರುವ ಚಿಕ್ಕ ರೇಡಿಯೇಟರಿಗೆ ಹೋಗಿ ಬಿಸಿ ಕಳೆದುಕೊಂಡು ಮರಳುತ್ತದೆ. ಹೀಗೆ ಅದನ್ನು ಸುತ್ತಿಸುವುದು ಒಂದು ಪುಟ್ಟ ವಿದ್ಯುತ್ ಪಂಪು.

ಕೋಬ್ರಾದಲ್ಲಿ ಈ ನೀರಿನ ಸುತ್ತಿಗೂ ಎಂಜಿನ್ ಕೂಲಂಟಿನ ಸುತ್ತಿಗೂ ಸಂಬಂಧವಿಲ್ಲ. ಟ್ಯಾಂಕು ಬೇರೆ, ಪಂಪು ಬೇರೆ, ರೇಡಿಯೇಟರ್ ಬೇರೆ. ಡ್ಯಾಶ್‌ಬೋರ್ಡಿನ ಮುಳ್ಳು ಎಂಜಿನ್ನಿನ ಕೂಲಂಟನ್ನು ಮಾತ್ರ ಬಲ್ಲದು. ಇಂಟರ್‌ಕೂಲರಿನ ಪಂಪು ಪೂರ್ತಿ ಸತ್ತರೂ ಅದು ಅಲುಗುವುದಿಲ್ಲ. ಗಾಳಿ ಕಾದದ್ದು ಗೊತ್ತಾಗುವುದು ಕಂಪ್ಯೂಟರಿಗೆ. ಅದು ಎಂಜಿನ್ನನ್ನು ಉಳಿಸಿಕೊಳ್ಳಲು ಕಿಡಿ ಹಚ್ಚುವ ಗಳಿಗೆಯನ್ನು ತಡಮಾಡುತ್ತದೆ. ನಮಗೆ ಕಾಣುವ ಸುಸ್ತು ಅದೇ. ದೀಪ ಹೊತ್ತಲಿಲ್ಲ, ಹಾಗಾಗಿ ಎಲ್ಲ ಸರಿ ಇದೆ ಎಂದುಕೊಂಡು ನಾನು ಮೂರು ತಿಂಗಳು ಓಡಿಸಿದ್ದೆ.

ಸರಿಯಾದ ಥರ್ಮಾಮೀಟರ್ ಓದಿ

ಕಾರಿನ ಕಂಪ್ಯೂಟರನ್ನು ಓದಲು ಇರುವ ಓಬಿಡಿ ಸಾಕೆಟ್ಟಿಗೆ ಚುಚ್ಚುವ ಅಗ್ಗದ ಅಡಾಪ್ಟರ್ ಮತ್ತು ಮೊಬೈಲಿನ ಉಚಿತ ಆ್ಯಪ್ ಹಿಡಿದು ಮೊದಲ ದಿನ ಹೊರಟಾಗ, ಒಳಗೆ ಹೋಗುವ ಗಾಳಿಯ ಉಷ್ಣತೆ 46 ಡಿಗ್ರಿ ಎಂದು ಕಂಡಿತು. ಹೊರಗೆ 43 ಇರುವಾಗ 46 ಎಂದರೆ ಅದ್ಭುತ ಎಂದುಕೊಂಡೆ. ನಾನು ಓದುತ್ತಿದ್ದ ಸೆನ್ಸರ್ ಏರ್ ಫಿಲ್ಟರಿನ ಪಕ್ಕದ್ದು. ಗಾಳಿ ಬ್ಲೋವರನ್ನು ಮುಟ್ಟುವ ಮೊದಲೇ ಅದು ಅಳೆದು ಮುಗಿಸಿರುತ್ತದೆ. ಅಡುಗೆಮನೆಯಲ್ಲಿ ಸಾರು ಕುದಿಯುತ್ತಿದೆಯೇ ಎಂದು ನೋಡಲು ಹಿತ್ತಿಲಿನ ತೊಟ್ಟಿಗೆ ಕೈ ಅದ್ದಿದ ಹಾಗೆ.

ಬೇಕಾದದ್ದು ಇಂಟರ್‌ಕೂಲರ್ ದಾಟಿದ ಮೇಲೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ ಇರುವ ಎರಡನೆಯ ಸೆನ್ಸರ್. ಫೋರ್ಡಿನಲ್ಲಿ ಅದರ ಹೆಸರು ಐಎಟಿ2. ಸಾಮಾನ್ಯ ಆ್ಯಪ್‌ಗಳು ಇದನ್ನು ಎಷ್ಟೋ ಸಲ ತೋರಿಸುವುದಿಲ್ಲ. ಆಯಾ ಕಂಪನಿಯ ಒಳಭಾಷೆ ಬಲ್ಲ ತಂತ್ರಾಂಶ ಬೇಕು. ನಾನು ಬಳಸಿದ್ದು ಫೋರ್‌ಸ್ಕ್ಯಾನ್. ಅದರಲ್ಲಿ ನೋಡಿದಾಗ ಏರಿನ ಮಧ್ಯೆ ಐಎಟಿ2 94 ಡಿಗ್ರಿ ಇತ್ತು. ಎಂಜಿನ್ ಕೂಲಂಟ್ 92. "ತಣಿಸಿದ" ಗಾಳಿ ಎಂಜಿನ್ನಿನ ನೀರಿಗಿಂತ ಬಿಸಿಯಾಗಿತ್ತು.

ಈಗ ಮೂರು ಬಗೆಯ ಓಟದಲ್ಲಿ ಆ ಅಂಕಿಯನ್ನು ಬರೆದುಕೊಳ್ಳಿ. ಓಡಿಸುವವರು ಒಬ್ಬರು, ಬರೆಯುವವರು ಇನ್ನೊಬ್ಬರು ಇರಬೇಕು. ನನಗೆ ಬರೆದುಕೊಟ್ಟವನು ನನ್ನ ಗಂಡ. ಅವನಿಗೆ ಕಾರಿನಲ್ಲಿ ಆಸಕ್ತಿಯಿಲ್ಲದ ಕಾರಣ ಅಂಕಿಗಳು ಪ್ರಾಮಾಣಿಕವಾಗಿದ್ದವು.

ಮೊದಲನೆಯದು, ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹತ್ತು ನಿಮಿಷ. ಆರೋಗ್ಯವಾಗಿರುವ ನನ್ನ ಕಾರಿನಲ್ಲಿ ಈಗ ಐಎಟಿ2 ಹೊರಗಿನ ಗಾಳಿಗಿಂತ 10ರಿಂದ 15 ಡಿಗ್ರಿ ಮೇಲಿರುತ್ತದೆ. ಅಂದು 31 ಡಿಗ್ರಿ ಮೇಲಿತ್ತು. ಎರಡನೆಯದು, ಸುರಕ್ಷಿತವಾದ ತೆರವಾದ ಜಾಗದಲ್ಲಿ ಮೂರನೆಯ ಗೇರಿನಲ್ಲಿ ಒಂದೇ ಒಂದು ಸಲ ಪೂರ್ತಿ ಆಕ್ಸಿಲರೇಟರ್. ಅಂಕಿ ಏರುವುದು ಸಹಜ; ಎಷ್ಟು ಏರಿತು ಎನ್ನುವುದಕ್ಕಿಂತ ಆಮೇಲೆ ಎಷ್ಟು ಹೊತ್ತಿಗೆ ಇಳಿಯಿತು ಎನ್ನುವುದನ್ನು ನೋಡಿ. ಒಂದೆರಡು ನಿಮಿಷದಲ್ಲಿ ಮೊದಲಿನ ಜಾಗಕ್ಕೆ ಬಂದರೆ ನೀರು ಓಡುತ್ತಿದೆ. ಏರಿದ್ದು ಏರಿದಲ್ಲೇ ಕೂತರೆ ಓಡುತ್ತಿಲ್ಲ. ಮೂರನೆಯದು, ನಡುವೆ ಎರಡು ನಿಮಿಷ ಬಿಟ್ಟು ಅದನ್ನೇ ಮೂರು ನಾಲ್ಕು ಸಲ. ಮೊದಲ ಸಲ ಚೆನ್ನಾಗಿದ್ದು ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಮೇಲಿನಿಂದ ಶುರುವಾಗುತ್ತಾ ಹೋದರೆ, ನೀರು ಓಡುತ್ತಿದೆ, ಆದರೆ ಮುಂದಿನ ರೇಡಿಯೇಟರ್ ಬಿಸಿಯನ್ನು ಹೊರಹಾಕಲು ಸೋಲುತ್ತಿದೆ. ದೊಡ್ಡ ರೇಡಿಯೇಟರ್ ಕೊಳ್ಳುವ ಮಾತು ಬರುವುದು ಈ ಒಂದು ಸಂದರ್ಭದಲ್ಲಿ. ನನ್ನ ಕಾರು ಮೊದಲ ಸಲವೇ ಏರಿ ಅಲ್ಲಿಯೇ ಕೂತಿತ್ತು.

ನಿಲ್ಲಿಸಿದ ಕಾರನ್ನು ಹದಿನೈದು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ, 75 ಡಿಗ್ರಿ ನೋಡಿ ಗಾಬರಿಯಾಗಬೇಡಿ. ಎಂಜಿನ್ ನಿಂತ ಮೇಲೆ ಕಬ್ಬಿಣದ ಬ್ಲಾಕಿನ ಬಿಸಿ ಮೇಲಕ್ಕೆ ಏರಿ ಬ್ಲೋವರನ್ನೂ ಇಂಟರ್‌ಕೂಲರನ್ನೂ ಕಾಯಿಸುತ್ತದೆ. ಒಲೆ ಆರಿಸಿದರೂ ಕಾವಲಿ ಸುಡುತ್ತಿರುವುದಿಲ್ಲವೇ, ಹಾಗೆ. ಪೆಟ್ರೋಲ್ ಬಂಕಿನಿಂದ ಹೊರಟು ನಾಲ್ಕೈದು ನಿಮಿಷದಲ್ಲಿ ಅದು ಇಳಿಯಬೇಕು. ಇಳಿದರೆ ಕಾಯಿಲೆ ಇಲ್ಲ.

ನೀರು ಓಡುತ್ತಿದೆಯೇ?

ನನ್ನ ಅಪ್ಪ ತಿಪಟೂರಿನ ಸುತ್ತಮುತ್ತಲ ತೋಟಗಳಿಗೆ ಪಂಪ್‌ಸೆಟ್ ರಿಪೇರಿಗೆ ಹೋಗುತ್ತಿದ್ದರು. ರಜೆಯಲ್ಲಿ ಅವರ ಹಿಂದೆ ಚೀಲ ಹೊತ್ತು ಹೋಗಿ 10-11 ಎಂದರೆ 10-11, 12-13 ಎಂದರೆ 12-13 ಸ್ಪ್ಯಾನರ್ ಎತ್ತಿಕೊಡುವುದು ನನ್ನ ಕೆಲಸ. "ಮೋಟಾರ್ ತಿರುಗುತ್ತಿದೆ ಸ್ವಾಮಿ, ಸದ್ದು ಬರುತ್ತಿದೆ" ಎಂದು ತೋಟದವರು ಹೇಳಿದರೆ ಅಪ್ಪ ಮಾತಾಡದೆ ಪೈಪಿನ ಬಾಯಿಯ ಬಳಿ ಹೋಗಿ ನಿಲ್ಲುತ್ತಿದ್ದರು. ಆ ವರ್ಕ್‌ಶಾಪಿನವರೂ ಪಂಪಿನ ಸದ್ದು ಕೇಳಿಯೇ ಸರಿ ಇದೆ ಎಂದಿದ್ದರು. ಪೈಪಿನ ಬಾಯಿ ಯಾರೂ ನೋಡಿರಲಿಲ್ಲ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಇಂಟರ್‌ಕೂಲರ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಬಿಸಿ ಇರುವಾಗ ಬೇಡ. ಕೆಲವು ಕಾರುಗಳಲ್ಲಿ ಈ ಸುತ್ತು ಎಂಜಿನ್ ಕೂಲಂಟಿನೊಂದಿಗೆ ಸೇರಿರುತ್ತದೆ, ಕುದಿನೀರು ಮುಖಕ್ಕೆ ಬಡಿಯುತ್ತದೆ. ಎಂಜಿನ್ ಶುರು ಮಾಡದೆ ಕೀಯನ್ನು ಮಾತ್ರ ತಿರುಗಿಸಿ. ನನ್ನ ಕಾರಿನಲ್ಲಿ ಆಗಲೇ ಪಂಪು ಗುಂಯ್‌ಗುಡುತ್ತದೆ. ಈಚಿನ ಎಷ್ಟೋ ಕಾರುಗಳಲ್ಲಿ ಬೇಕೆನಿಸಿದಾಗ ಮಾತ್ರ ಕಂಪ್ಯೂಟರ್ ಪಂಪು ಓಡಿಸುತ್ತದೆ, ಅಂಥವುಗಳಲ್ಲಿ ಸ್ಕ್ಯಾನರಿನಿಂದ ಆಜ್ಞೆ ಕೊಡಬೇಕು. ಟಾರ್ಚ್ ಹಾಕಿ ಟ್ಯಾಂಕಿನೊಳಗೆ ನೋಡಿ. ನೀರಿನ ಮೈ ಸುಳಿಯಬೇಕು, ಕಲಕಬೇಕು. ನನ್ನದರಲ್ಲಿ ಒಂದು ಪುಟ್ಟ ನಡುಕ ಮಾತ್ರ ಇತ್ತು.

ಕಣ್ಣಂದಾಜು ಸಾಲದು. ಬಕೆಟ್ ತನ್ನಿ. ಟ್ಯಾಂಕಿಗೆ ನೀರು ಮರಳಿ ತರುವ ಹೋಸಿನ ಕ್ಲ್ಯಾಂಪ್ ಸಡಿಲಿಸಿ, ಹೋಸನ್ನು 5 ಲೀಟರ್ ಗುರುತು ಮಾಡಿದ ಬಕೆಟ್ಟಿಗೆ ಇಳಿಬಿಡಿ. ಟ್ಯಾಂಕಿನಲ್ಲಿ ತೆರೆದುಕೊಂಡ ಮೂತಿಗೆ ರಬ್ಬರ್ ಬಿರಡೆ ಒತ್ತಿ. ಒಬ್ಬರು ಕೀ ತಿರುಗಿಸಲಿ, ಇನ್ನೊಬ್ಬರು ಡಿಸ್ಟಿಲ್ಡ್ ವಾಟರ್ ಕ್ಯಾನ್ ಹಿಡಿದು ಟ್ಯಾಂಕಿಗೆ ಸುರಿಯುತ್ತಲೇ ಇರಲಿ. ಟ್ಯಾಂಕು ಬರಿದಾಗಿ ಪಂಪು ಒಣಗಿ ತಿರುಗಿದರೆ ಅದರ ಸೀಲ್ ಸುಡುತ್ತದೆ, ಒಳಕ್ಕೆ ಗಾಳಿಯೂ ನುಗ್ಗುತ್ತದೆ. ಗಡಿಯಾರ ನೋಡಿ. ನನ್ನ 5 ಲೀಟರಿಗೆ 51 ಸೆಕೆಂಡ್ ಹಿಡಿಯಿತು. ನಿಮಿಷಕ್ಕೆ 6 ಲೀಟರ್ ಕೂಡ ಇಲ್ಲ. ರಿಪೇರಿಯ ನಂತರ ಅದೇ ಬಕೆಟ್ 23 ಸೆಕೆಂಡಿನಲ್ಲಿ ತುಂಬಿತು, ಅಂದರೆ ನಿಮಿಷಕ್ಕೆ 13 ಲೀಟರ್. ನಿಮ್ಮ ಕಾರಿನ ಅಂಕಿ ಬೇರೆ ಇರಬಹುದು. ಹಾಗಾಗಿ ಎಲ್ಲ ಸರಿ ಇರುವ ದಿನವೇ ಒಮ್ಮೆ ಅಳೆದು ಟ್ಯಾಂಕಿನ ಮುಚ್ಚಳದ ಪಕ್ಕ ಬರೆದಿಡಿ.

ಬಕೆಟ್ಟಿನಲ್ಲಿರುವುದು ಎಥಿಲೀನ್ ಗ್ಲೈಕಾಲ್ ಬೆರೆತ ನೀರು. ಅದು ಸಿಹಿಯಾಗಿರುತ್ತದೆ ಮತ್ತು ವಿಷ. ಪಕ್ಕದ ಮನೆಯ ನಾಯಿ ನಮ್ಮ ಗ್ಯಾರೇಜಿಗೆ ಹೇಳದೆ ಕೇಳದೆ ಬರುತ್ತದೆ, ಆದ್ದರಿಂದ ಬಾಗಿಲು ಅರ್ಧ ಇಳಿಸಿಯೇ ಕೆಲಸ ಮಾಡಿದೆ.

ಪಂಪು ಕೆಟ್ಟಿದೆ ಎನ್ನುವ ಮೊದಲು

ಹರಿವು ಕಡಿಮೆ ಎಂದು ಗೊತ್ತಾದ ಕೂಡಲೇ ಕೈ ಹೊಸ ಪಂಪಿನ ಕಡೆ ಹೋಗುತ್ತದೆ. ತಡೆಯಿರಿ. ಫ್ಯೂಸ್ ನೋಡಿ, ರಿಲೇಯನ್ನು ಅದೇ ಪೆಟ್ಟಿಗೆಯಲ್ಲಿರುವ ಅದೇ ನಂಬರಿನ ಇನ್ನೊಂದರ ಜೊತೆ ಅದಲುಬದಲು ಮಾಡಿ ನೋಡಿ. ಪಂಪು ತಿರುಗುತ್ತಿದ್ದರೆ ಇವೆರಡೂ ಬಹುತೇಕ ಸರಿ ಇರುತ್ತವೆ. ಮಂದವಾಗಿ ತಿರುಗುವುದಕ್ಕೆ ಕಾರಣ ಬೇರೆ ಇರುತ್ತದೆ.

ಮಲ್ಟಿಮೀಟರ್ ತೆಗೆದುಕೊಳ್ಳಿ. ಪಂಪಿನ ಕನೆಕ್ಟರ್ ಬಿಚ್ಚಿ ವೋಲ್ಟ್ ನೋಡುವುದು ಎಲ್ಲರೂ ಮಾಡುವ ತಪ್ಪು. ಬಿಚ್ಚಿದಾಗ ವಿದ್ಯುತ್ ಹರಿಯುವುದೇ ಇಲ್ಲ, ಹಾಗಾಗಿ ಒಂದೇ ಎಳೆ ಉಳಿದ ತಂತಿಯೂ 12 ವೋಲ್ಟ್ ತೋರಿಸುತ್ತದೆ. ನಾನೂ ಹಾಗೆಯೇ ನೋಡಿ, 12.3 ಕಂಡು, ತಂತಿ ಸರಿ ಇದೆ ಎಂದು ಅರ್ಧ ದಿನ ಹಾಳುಮಾಡಿಕೊಂಡೆ. ಕನೆಕ್ಟರ್ ಕೂಡಿಸಿಯೇ ಇರಲಿ, ಪಂಪು ತಿರುಗುತ್ತಲೇ ಇರಲಿ. ಕನೆಕ್ಟರಿನ ಹಿಂಬದಿಯಿಂದ, ತಂತಿ ಒಳಹೋಗುವ ಸಂದಿಯಲ್ಲಿ, ಸಣ್ಣ ಗುಂಡುಪಿನ್ನು ತೂರಿಸಿ ಅದಕ್ಕೆ ಮೀಟರಿನ ಕಡ್ಡಿ ಹಿಡಿಯಿರಿ. ಎರಡು ಪಿನ್ನು ಒಂದಕ್ಕೊಂದು ತಾಗದಂತೆ ಎಚ್ಚರ. ಬ್ಯಾಟರಿಯಲ್ಲಿ 12.4 ಇದ್ದಾಗ ಪಂಪಿನಲ್ಲಿ ನನಗೆ ಸಿಕ್ಕಿದ್ದು 9.6. ಮೂರು ವೋಲ್ಟಿಗೆ ತುಸು ಕಡಿಮೆ ದಾರಿಯಲ್ಲಿ ಸೋರಿಹೋಗಿತ್ತು.

ಎಲ್ಲಿ ಸೋರಿತು ಎಂದು ಹುಡುಕಲು ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದನ್ನು ಪಂಪಿನ ಪ್ಲಸ್ಸಿಗೆ ಇಡಿ. ನನಗೆ 0.3 ವೋಲ್ಟ್ ಬಂತು; ಇಪ್ಪತ್ತು ವರ್ಷದ ಕಾರಿಗೆ ಅದು ಪರವಾಗಿಲ್ಲ. ಆಮೇಲೆ ಬ್ಯಾಟರಿಯ ಮೈನಸ್ಸಿಗೂ ಪಂಪಿನ ಮೈನಸ್ಸಿಗೂ ಹಿಡಿಯಿರಿ. 2.5. ಅರ್ಥಿಂಗ್ ತಂತಿಯಲ್ಲಿ ಎರಡೂವರೆ ವೋಲ್ಟ್!

ಬಂಪರಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ, ಜ್ಯಾಕ್ ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿದ ಕಾರಿನ ಕೆಳಗೆ ಅಂಗಾತ ಮಲಗಿ ಆ ತಂತಿಯನ್ನು ಹಿಡಿದುಕೊಂಡು ಹೋದೆ. ಪಂಪಿನಿಂದ ಒಂದು ಗೇಣು ದೂರದಲ್ಲಿ ಕಪ್ಪು ಟೇಪಿನ ಗಂಟು ಸಿಕ್ಕಿತು. ಹಿಂದಿನ ಮಾಲೀಕರಲ್ಲಿ ಯಾರೋ ಪಂಪು ಬದಲಿಸುವಾಗ ತಂತಿಗಳನ್ನು ಬರಿಗೈಯಲ್ಲಿ ತಿರುಚಿ ಟೇಪ್ ಸುತ್ತಿದ್ದರು. ಟೇಪು ಬಿಸಿಲಿಗೆ ಕರಗಿ ಹಲಸಿನ ಮೇಣದಂತೆ ಬೆರಳಿಗೆ ಅಂಟಿತು. ಒಳಗೆ ತಾಮ್ರದ ಎಳೆಗಳಿಗೆ ಹಬ್ಬಕ್ಕೆಂದು ಅಟ್ಟದಿಂದ ಇಳಿಸಿದ ಹಿತ್ತಾಳೆ ಪಾತ್ರೆಗೆ ಹಿಡಿದಿರುವಂಥ ಹಸಿರು ಕಿಲುಬು. ಎಳೆದದ್ದಕ್ಕೆ ನಾಲ್ಕು ಎಳೆ ಕೈಯಲ್ಲೇ ಪುಡಿಯಾದವು.

ಕಿಲುಬು ಹಿಡಿದ ಭಾಗವನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ ಹಾಕಿ. ಕಿಲುಬು ಪ್ಲಾಸ್ಟಿಕ್ಕಿನ ಒಳಗೂ ನುಸುಳಿರುತ್ತದೆ, ನಾನು ಎರಡು ಇಂಚು ಕತ್ತರಿಸಬೇಕಾಯಿತು. ಅಷ್ಟೇ ದಪ್ಪದ ಹೊಸ ತಂತಿ ಸೇರಿಸಿ, ಬೆಸುಗೆ ಹಾಕಿ ಅಥವಾ ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ಕೊಳವೆ ತೊಡಿಸಿ. ಬರೀ ಟೇಪು ಬೇಡ. ಈ ಕೆಲಸ ಮುಗಿದ ಮೇಲೆ ಪಂಪಿನಲ್ಲಿ 12.0 ವೋಲ್ಟ್ ಬಂತು, ಸದ್ದಿನ ಶ್ರುತಿಯೇ ಏರಿತು. ಖರ್ಚು ಒಂದು ಊಟಕ್ಕಿಂತ ಕಡಿಮೆ.

ವೋಲ್ಟ್ ಸರಿ ಇದ್ದೂ ಹರಿವು ಕಡಿಮೆ ಇದ್ದರೆ ಆಗ ಪಂಪನ್ನು ಬಿಚ್ಚಿ ನೋಡಿ. ರೆಕ್ಕೆ ಸವೆದಿರಬಹುದು, ಅದಕ್ಕೆ ಕಸ ಸುತ್ತಿರಬಹುದು, ಬೇರಿಂಗ್ ಬಿಗಿದಿರಬಹುದು. ಅಂಥ ಪಂಪನ್ನು ರಿಪೇರಿ ಮಾಡುವುದು ವ್ಯರ್ಥ, ಬದಲಿಸಿ. ಹೊಸದನ್ನು ಕೂರಿಸುವಾಗ ಅದು ಟ್ಯಾಂಕಿಗಿಂತ ಕೆಳಗಿರಬೇಕು, ಬಾಣದ ಗುರುತು ನೀರಿನ ದಿಕ್ಕಿಗೆ ಇರಬೇಕು.

ಗಾಳಿ ಹಿಡಿದಿದ್ದರೆ

ತಂತಿ ಸರಿಯಾದ ಮೇಲೂ ಬಕೆಟ್ ತುಂಬಲು 38 ಸೆಕೆಂಡ್ ಬೇಕಾಯಿತು. ಸಾಲದ್ದಕ್ಕೆ ಹೋಸು ಆಗಾಗ ಕೆಮ್ಮಿದ ಹಾಗೆ ನೀರುಗುಳ್ಳೆ ಉಗುಳುತ್ತಿತ್ತು. ಅಪ್ಪನಿಗೆ ಫೋನ್ ಹಚ್ಚಿ ಸದ್ದು ಕೇಳಿಸಿದೆ.

"ಪುಟ್ಟಿ, ಗಾಳಿ ಹಿಡಿದಿದೆ ಕಣಮ್ಮ. ಪ್ರೈಮ್ ಮಾಡಿದ್ದೀಯಾ?" ಎಂದರು.

ಬಾವಿಯ ದಡದ ಪಂಪಿನಲ್ಲಿ ಫುಟ್‌ವಾಲ್ವ್ ಸೋರಿ ನೀರು ಇಳಿದುಹೋದರೆ, ಕೊಡದಲ್ಲಿ ನೀರು ತಂದು ಪಂಪಿನ ತಲೆಯ ಮೇಲಿನ ಬಿರಡೆ ತೆಗೆದು ತುಂಬುವವರೆಗೆ ಮೋಟಾರ್ ಎಷ್ಟು ತಿರುಗಿದರೂ ಪ್ರಯೋಜನವಿಲ್ಲ. ಆ ಬಗೆಯ ಪಂಪಿಗೆ ನೀರನ್ನು ತಳ್ಳಲು ಬರುತ್ತದೆ, ಗಾಳಿಯನ್ನು ತಳ್ಳಲು ಬಾರದು. ಕಾರಿನ ಈ ಪುಟ್ಟ ಪಂಪೂ ಅದೇ ಜಾತಿ. ವರ್ಕ್‌ಶಾಪಿನವರು ದೊಡ್ಡ ರೇಡಿಯೇಟರ್ ಕೂರಿಸಿ, ಟ್ಯಾಂಕಿಗೆ ಕುತ್ತಿಗೆ ಮಟ್ಟ ಕೂಲಂಟ್ ಸುರಿದು ಮುಚ್ಚಳ ಮುಚ್ಚಿದ್ದರು. ಒಳಗಿನ ಗಾಳಿ ಮೇಲೇರಿ, ಇಂಟರ್‌ಕೂಲರಿನ ತಲೆಯಲ್ಲಿ ಮನೆ ಮಾಡಿಕೊಂಡಿತ್ತು. ರಿಪೇರಿಯ ನಂತರ ಕಾರು ಇನ್ನಷ್ಟು ಬೇಗ ಸುಸ್ತಾದದ್ದು ಇದಕ್ಕೇ.

ಗಾಳಿ ಬಿಡಿಸಲು ಕಾರಿನ ಮೂತಿಯನ್ನು ರ‍್ಯಾಂಪ್ ಹತ್ತಿಸಿ ಎತ್ತರಿಸಿ. ಟ್ಯಾಂಕಿನ ಬಾಯಿ ಇಡೀ ಸುತ್ತಿನಲ್ಲೇ ಎತ್ತರದ ಜಾಗ ಆಗಬೇಕು, ಗಾಳಿ ಹೊರಬೀಳಲು ಅದೇ ದಾರಿ. ಮುಚ್ಚಳ ತೆರೆದಿಟ್ಟು ನಿಧಾನವಾಗಿ ತುಂಬಿ. ಪಂಪನ್ನು ಹತ್ತು ಸೆಕೆಂಡ್ ಓಡಿಸಿ, ಅರ್ಧ ನಿಮಿಷ ನಿಲ್ಲಿಸಿ. ನಿಲ್ಲಿಸಿದಾಗಲೇ ಗುಳ್ಳೆ ಮೇಲೆ ಬರುವುದು. ಸತತ ಓಡಿಸಿದರೆ ಗಾಳಿ ನೊರೆಯಾಗಿ ನೀರಿನ ಜೊತೆಯೇ ಸುತ್ತುತ್ತಿರುತ್ತದೆ. ನಡುನಡುವೆ ಹೋಸುಗಳನ್ನು ಹಾಲು ಕರೆಯುವ ಹಾಗೆ ಒತ್ತಿ ಬಿಡಿ. ಇಂಟರ್‌ಕೂಲರಿನ ಬಳಿ ಗಾಳಿ ಬಿಡುವ ತಿರುಪು ಇರುವ ಕಾರಾದರೆ ನೀರು ಧಾರೆಯಾಗಿ ಬರುವವರೆಗೆ ಅದನ್ನು ತೆರೆಯಿರಿ. ನನಗೆ ಹದಿನೆಂಟು ಸಲ ಹೀಗೆ ಮಾಡಬೇಕಾಯಿತು. ಟ್ಯಾಂಕು ಇನ್ನೂ ಮುಕ್ಕಾಲು ಲೀಟರ್ ಕುಡಿಯಿತು. ಅಂದರೆ ಮುಕ್ಕಾಲು ಲೀಟರ್ ಗಾಳಿ ಒಳಗೆ ಕೂತಿತ್ತು. ನಿರ್ವಾತ ಎಳೆದು ತುಂಬುವ ಸಾಧನ ಯಾರ ಬಳಿಯಾದರೂ ಸಿಕ್ಕರೆ ಇದೆಲ್ಲ ಐದು ನಿಮಿಷದ ಕೆಲಸ. ಮಾರನೆಯ ದಿನ ಒಂದು ಸುತ್ತು ಓಡಿಸಿ, ತಣಿದ ಮೇಲೆ ಮಟ್ಟವನ್ನು ಮತ್ತೆ ನೋಡಿ. ಒಂದಿಷ್ಟು ಇಳಿದೇ ಇರುತ್ತದೆ.

ಮುಂದಿನ ರೇಡಿಯೇಟರ್

ಇದಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಸಾಕು. ಹೊಳೆಯುವ ಅಲ್ಯುಮಿನಿಯಂ ಮೇಲೆ ಗುರಿಯಿಟ್ಟರೆ ಅದು ಸುಳ್ಳು ಹೇಳುತ್ತದೆ. ರಬ್ಬರ್ ಹೋಸಿನ ಮೇಲೆ ಹಿಡಿಯಿರಿ, ಇಲ್ಲವೇ ಕಪ್ಪು ಟೇಪಿನ ಚೂರು ಅಂಟಿಸಿ ಅದರ ಮೇಲೆ. ಓಡಿಸಿ ಬಂದ ಕೂಡಲೇ, ಪಂಪು ತಿರುಗುತ್ತಿರುವಾಗ, ರೇಡಿಯೇಟರಿಗೆ ಹೋಗುವ ಹೋಸು ಮತ್ತು ಹೊರಬರುವ ಹೋಸು ಎರಡನ್ನೂ ಅಳೆಯಿರಿ. ಅವೆರಡರ ನಡುವೆ 15 ಡಿಗ್ರಿಯಷ್ಟು ವ್ಯತ್ಯಾಸವಿದ್ದರೆ ನೀರು ತೆವಳುತ್ತಿದೆ, ಮತ್ತೆ ಪಂಪಿನ ಕಡೆಗೇ ಹೋಗಿ. ಎರಡೂ ಒಂದೇ ಸಮ ಬಿಸಿಯಾಗಿದ್ದರೆ ನೀರು ಓಡುತ್ತಿದೆ, ಗಾಳಿಯೇ ಬಿಸಿಯನ್ನು ಒಯ್ಯುತ್ತಿಲ್ಲ. ಎರಡೂ ತಣ್ಣಗಿದ್ದು ಐಎಟಿ2 ಮಾತ್ರ ಉರಿಯುತ್ತಿದ್ದರೆ ಬಿಸಿ ನೀರಿಗೆ ಇಳಿಯುತ್ತಲೇ ಇಲ್ಲ: ಇಂಟರ್‌ಕೂಲರಿನಲ್ಲಿ ಗಾಳಿ ಕೂತಿದೆ, ಅಥವಾ ಅದರ ರೆಕ್ಕೆಗಳಿಗೆ ಎಣ್ಣೆ ಮೆತ್ತಿದೆ. ಎಂಜಿನ್ನಿನ ಒಳಗಿನ ಎಣ್ಣೆ ಆವಿಯನ್ನು ಬ್ಲೋವರ್ ಎಳೆದುಕೊಳ್ಳುವುದರಿಂದ ವರ್ಷಗಟ್ಟಲೆ ಓಡಿದ ಕಾರಿನಲ್ಲಿ ಒಳಗೆ ಜಿಡ್ಡಿನ ಪದರ ಕಟ್ಟುತ್ತದೆ. ಅದನ್ನು ತೊಳೆಯಲು ಬ್ಲೋವರನ್ನೇ ಇಳಿಸಬೇಕು. ಮೊದಲ ಸಲ ಒಬ್ಬರೇ ಮಾಡುವ ಕೆಲಸ ಅದಲ್ಲ.

ಮುಂದಿನ ರೇಡಿಯೇಟರಿಗೆ ಗಾಳಿ ತಾಗದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಹುಳುಹುಪ್ಪಟೆ, ಧೂಳು, ಬಾಗಿದ ರೆಕ್ಕೆ, ಇಲ್ಲವೇ ಬಂಪರಿನ ಕೆಳಗಿನ ಕಿತ್ತುಹೋದ ಪ್ಲಾಸ್ಟಿಕ್ ತಡೆ. ಹಿಂದಿನಿಂದ ಮುಂದಕ್ಕೆ ತೋಟದ ಪೈಪಿನಿಂದ ಮೆಲ್ಲಗೆ ತೊಳೆಯಿರಿ. ಒತ್ತಡದ ಯಂತ್ರ ತಂದರೆ ರೆಕ್ಕೆಗಳು ಮಲಗಿಬಿಡುತ್ತವೆ.

ಮಟ್ಟ ಇಳಿಯುತ್ತಿದೆ, ಹೊರಗೆ ಒಂದು ಹನಿಯೂ ಇಲ್ಲ

ಗಾಳಿ ಬಿಡಿಸಿದ ಮೇಲೂ ವಾರವಾರ ಟ್ಯಾಂಕಿನ ಮಟ್ಟ ಇಳಿಯುತ್ತಿದ್ದು, ಕಾರಿನ ಕೆಳಗೆ ನೆಲ ಒಣಗಿದ್ದರೆ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಇಂಟರ್‌ಕೂಲರ್ ಒಳಗೇ ಬಿರುಕು ಬಿಟ್ಟು ಕೂಲಂಟ್ ಎಂಜಿನ್ನಿಗೆ ಇಳಿಯುತ್ತಿರಬಹುದು. ಬೆಳಿಗ್ಗೆ ಶುರು ಮಾಡಿದಾಗ ಸಿಹಿ ವಾಸನೆಯ ಬಿಳಿ ಹೊಗೆ, ಒಂದು ಸಿಲಿಂಡರಿನ ತಡವರಿಕೆ ಇದರ ಲಕ್ಷಣ. ರಾತ್ರಿಯಿಡೀ ಸೋರಿ ಸಿಲಿಂಡರಿನಲ್ಲಿ ನೀರು ತುಂಬಿದ್ದರೆ, ಕೀ ತಿರುಗಿಸಿದ ಕ್ಷಣ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಗಾಳಿಯಂತೆ ನೀರು ಒತ್ತಿಸಿಕೊಳ್ಳುವುದಿಲ್ಲ. ಕೈಪಂಪಿರುವ ಪ್ರೆಶರ್ ಟೆಸ್ಟರನ್ನು ಟ್ಯಾಂಕಿನ ಬಾಯಿಗೆ ಕೂರಿಸಿ, ಮುಚ್ಚಳದ ಮೇಲೆ ಬರೆದ ಒತ್ತಡಕ್ಕಿಂತ ಹೆಚ್ಚಿಸದೆ ಅರ್ಧ ಗಂಟೆ ಬಿಡಿ. ಮುಳ್ಳು ಇಳಿದು, ಹೊರಗೆ ಹೋಸುಗಳೆಲ್ಲ ಒಣಗಿದ್ದರೆ ಸೋರಿಕೆ ಒಳಗೇ. ಸ್ಪಾರ್ಕ್ ಪ್ಲಗ್ ಬಿಚ್ಚದೆ ಎಂಜಿನ್ ತಿರುಗಿಸಬೇಡಿ. ಕಾರನ್ನು ಟೋ ಮಾಡಿಸಿ.

ಏನು ತುಂಬಬೇಕು

ಬಿಸಿ ಹೊರುವುದರಲ್ಲಿ ನೀರಿಗೆ ಸಮನಾದದ್ದಿಲ್ಲ. ಕೂಲಂಟ್ ಹೆಚ್ಚು ಬೆರೆಸಿದಷ್ಟೂ ಆ ಗುಣ ಕುಗ್ಗುತ್ತದೆ. ಹಾಗೆಂದು ಬರೀ ನೀರು ತುಂಬಿದರೆ ಅಲ್ಯುಮಿನಿಯಂ ಕೊರೆದುಹೋಗುತ್ತದೆ. ಬೇಸಿಗೆಗೆ ನಾನು 30 ಪಾಲು ಕೂಲಂಟ್, 70 ಪಾಲು ಡಿಸ್ಟಿಲ್ಡ್ ವಾಟರ್ ಹಾಕುತ್ತೇನೆ. ಅದು ಸುಮಾರು ಮೈನಸ್ 15 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಚಳಿಗಾಲದಲ್ಲಿ ಫ್ಲ್ಯಾಗ್‌ಸ್ಟಾಫಿನಲ್ಲಿ ರಾತ್ರಿ ಕಾರು ನಿಲ್ಲಿಸುವುದಿದ್ದರೆ ಅರ್ಧಕ್ಕರ್ಧ. ನಲ್ಲಿ ನೀರು ಮಾತ್ರ ಬೇಡವೇ ಬೇಡ. ಫೀನಿಕ್ಸಿನ ನೀರು ನಮ್ಮ ಕೊಳವೆಬಾವಿಯ ನೀರಿನ ಹಾಗೆ ಗಡಸು. ಬಚ್ಚಲಿನ ಹಂಡೆಯೊಳಗೆ ಕಟ್ಟುವ ಬಿಳಿ ಪದರ ಬೆರಳು ದಪ್ಪವಾದರೂ ನೀರು ಕಾಯುತ್ತದೆ, ಹೆಚ್ಚು ಸೌದೆ ಬೇಕಾಗುತ್ತದೆ ಅಷ್ಟೇ. ಇಂಟರ್‌ಕೂಲರಿನ ಸಪೂರ ದಾರಿಯಲ್ಲಿ ಕಾಗದದಷ್ಟು ಕಟ್ಟಿದರೂ ಕಷ್ಟ.

ಇನ್ನೊಂದು ಮಾತು. ಹಿಂದಿನ ಮಾಲೀಕರು ಬ್ಲೋವರಿಗೆ ಚಿಕ್ಕ ಪುಲ್ಲಿ ಹಾಕಿಸಿದ್ದಾರೆಯೇ ನೋಡಿ. ಕೋಬ್ರಾದ ಡ್ಯಾಶ್‌ಬೋರ್ಡಿನಲ್ಲೇ ಬೂಸ್ಟ್ ಮೀಟರ್ ಇದೆ. ಅದು 8 ಪಿಎಸ್‌ಐ ದಾಟಿ ಬಹಳ ಮುಂದೆ ಹೋದರೆ ಬ್ಲೋವರ್ ಹೆಚ್ಚು ಸುತ್ತುತ್ತಿದೆ, ಹೆಚ್ಚು ಬಿಸಿ ಮಾಡುತ್ತಿದೆ. ಕಂಪನಿಯ ಇಂಟರ್‌ಕೂಲರನ್ನು ಬೈಯುವುದು ಆಗ ನ್ಯಾಯವಲ್ಲ. ಬೆಂಗಳೂರಿನಲ್ಲಿರುವ ನನ್ನ ಭಾವ ಇದೆಲ್ಲ ಕೇಳಿ ತಮ್ಮ ಮರ್ಸಿಡಿಸ್ ಸಿ200 ಕಂಪ್ರೆಸರಿನಲ್ಲಿ ಇಂಟರ್‌ಕೂಲರ್ ಟ್ಯಾಂಕು ಎಲ್ಲಿದೆ ಎಂದು ಅರ್ಧ ಗಂಟೆ ಹುಡುಕಿದರಂತೆ. ಇಲ್ಲ ಭಾವ, ನಿಮ್ಮದು ಗಾಳಿಯಿಂದಲೇ ಗಾಳಿಯನ್ನು ತಣಿಸುವ ಬಗೆ. ಅದಕ್ಕೆ ಪಂಪೂ ಇಲ್ಲ, ನೀರೂ ಇಲ್ಲ. ಹೋಸು ಬಿರಿದಿದೆಯೇ, ಕ್ಲ್ಯಾಂಪ್ ಸಡಿಲವಾಗಿದೆಯೇ, ಮೂತಿಯಲ್ಲಿ ಕಸ ಕೂತಿದೆಯೇ, ಇಷ್ಟು ನೋಡಿಸಿ.

ಆಗಸ್ಟ್ ಕೊನೆಯ ವಾರ ಅದೇ ಏರನ್ನು ಮತ್ತೆ ಹತ್ತಿದೆವು. ಹೊರಗೆ 41 ಡಿಗ್ರಿ. ಗಂಡ ಅಂಕಿ ಬರೆದುಕೊಳ್ಳುತ್ತಾ ಹೋದ: 56, 58, 61, 59. ಸಂಜೆ ಅಪ್ಪನಿಗೆ ಫೋನ್ ಮಾಡಿ ಐಎಟಿ2 ವಿಷಯ ಸಂಭ್ರಮದಿಂದ ಹೇಳಿದೆ. ಅವರಿಗೆ ಅದು ಬೇಕಿರಲಿಲ್ಲ.

"ಬಕೆಟ್ ಎಷ್ಟು ಹೊತ್ತಿಗೆ ತುಂಬಿತು?"

"ಇಪ್ಪತ್ತಮೂರು ಸೆಕೆಂಡ್, ಅಪ್ಪ."

"ಎಷ್ಟು ಲೀಟರಿಂದು?"

"ಐದು."

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ, ಲೆಕ್ಕ ಹಾಕುತ್ತಿದ್ದರು. ಆಮೇಲೆ, "ಒಂದು ಮರಕ್ಕೆ ಸಾಕಾಗುತ್ತದೆ, ತೋಟಕ್ಕೆ ಸಾಲದು" ಎಂದು ಅಮ್ಮನಿಗೆ ಫೋನ್ ಕೊಟ್ಟರು. ಅಮ್ಮ ಕೇಳಿದ್ದು, ಪಂಚಮಿಯ ದಿನ ಕಾರು ಮುಟ್ಟಿದ್ದೆಯೋ ಇಲ್ಲವೋ ಎಂದು.